ಹ್ಯಾಕ್ಸಾ ಬ್ಲೇಡಿನ ಲೆಕ್ಕ

ನಮ್ಮ ಐಟಿಐ ಮ್ಯಾಗಜಿನ್‌ಗೆ ಏನಾದ್ರೂ ಬರೆದುಕೊಡಿ ಅಂತ ಈಗಿನ ಹುಡುಗರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂದು ಎಂ.ಎಸ್. ತುಂಡು, ಅಂದರೆ ಮೈಲ್ಡ್ ಸ್ಟೀಲ್ ಚೂರು.

ನಾನು ನಮ್ಮ ಐಟಿಐಗೆ ಸೇರಿದ್ದು 1998ರಲ್ಲಿ, ಫಿಟ್ಟರ್ ಟ್ರೇಡಿಗೆ, ಅಂದರೆ ಲೋಹದ ಭಾಗಗಳನ್ನು ಅಳತೆಗೆ ಉಜ್ಜಿ ಜೋಡಿಸುವ ಕೆಲಸ ಕಲಿಯೋಕೆ. ಎಸ್ಸೆಸ್ಸೆಲ್ಸಿ ಹೇಗೋ ಪಾಸಾಗಿತ್ತು. ಮುಂದೆ ಓದಿಸುವಷ್ಟು ಅಪ್ಪನ ಹತ್ತಿರ ಇರಲಿಲ್ಲ. ಎರಡು ವರ್ಷದಲ್ಲಿ ಕೈಗೊಂದು ಕೆಲಸ ಬರುತ್ತೆ, ಸರ್ಕಾರದ್ದು, ಫೀಸೂ ಕಮ್ಮಿ ಅಂತ ಸೋದರಮಾವ ಹೇಳಿದರು, ಸೇರಿದೆ.

ಮೊದಲ ದಿನವೇ ಸಾರ್ ವೈಸ್‌ಗೆ ತುಂಡು ಕಚ್ಚಿಸಿ, ಕೈಗೆ ಅರ ಕೊಟ್ಟು "ಉಜ್ಜು" ಅಂದರು. ವಾರಗಟ್ಟಲೆ ಉಜ್ಜಿದ್ದೇ ಉಜ್ಜಿದ್ದು, ಅಂಗೈ ತುಂಬ ಬೊಬ್ಬೆ. ಸಾರ್ ಬಂದು ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಇಟ್ಟು, ಕಿಟಕಿ ಕಡೆ ಎತ್ತಿ ಹಿಡಿದು ನೋಡುವರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಿಲ್ಲ, ವಾಪಸ್ ವೈಸಿಗೆ.

ಆ ತುಂಡು ಹೊಸದಾಗಿರಲಿಲ್ಲ. ಅದರ ಮೇಲೆ ನನಗಿಂತ ಮುಂಚೆ ಇಬ್ಬರು ಪಂಚ್ ಮಾಡಿದ ರೋಲ್ ನಂಬರ್ ಇತ್ತು. ಹಿಂದಿನ ಬ್ಯಾಚಿನವರು ಉಜ್ಜಿ ಬಿಟ್ಟದ್ದನ್ನೇ ನಾವು ಉಜ್ಜುತ್ತಿದ್ದೆವು. 50 ಮಿ.ಮೀ. ಇದ್ದ ತುಂಡು ನನ್ನ ಕೈಗೆ ಬರುವಷ್ಟರಲ್ಲಿ 44 ಆಗಿತ್ತು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಗರಗಸದ ಬ್ಲೇಡ್ ನಾಲ್ಕು ಜನಕ್ಕೆ ಒಂದು. ಅದು ಮುರಿದರೆ "ಗ್ರಾಂಟ್ ಬರಲಿ" ಅನ್ನೋ ಉತ್ತರ. ಆದರೂ ಎರಡು ದಿನದಲ್ಲಿ ಹೊಸ ಬ್ಲೇಡ್ ಬಂದಿರುತ್ತಿತ್ತು. ಅದು ಸಾರ್ ಜೇಬಿನ ದುಡ್ಡು ಅಂತ ನಮಗೆ ಗೊತ್ತಾದದ್ದು ಹಾರ್ಡ್‌ವೇರ್ ಅಂಗಡಿಯವರಿಂದ, ಅದೂ ನಾವು ಪಾಸಾಗಿ ಹೋದ ಮೇಲೆ.

ಗ್ರಾಂಟ್ ಬರುತ್ತಲೇ ಇರಲಿಲ್ಲ ಅಂತಲ್ಲ. ಮಾರ್ಚ್ ಕೊನೆ ವಾರದಲ್ಲಿ ಬರುತ್ತಿತ್ತು. ತಿಂಗಳು ಮುಗಿಯೋದರೊಳಗೆ ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತೆ, ಹಾಗಾಗಿ ಒಂದೇ ಸಲ ರಾಶಿ ಸಾಮಾನು ತಂದು ಸ್ಟೋರ್‌ಗೆ ತುಂಬುವುದು. ನಮ್ಮ ವರ್ಷ ಆಗಲೇ ಮುಗಿಯುತ್ತಾ ಬಂದಿರುತ್ತಿತ್ತು.

ಈಗ ಪೀಣ್ಯದಲ್ಲಿ ನನ್ನದೇ ಒಂದು ಸಣ್ಣ ಶಾಪ್ ಇದೆ, 11 ಜನ ಕೆಲಸ ಮಾಡುತ್ತಾರೆ. ಕೆಲಸ ಕೇಳಿ ಬಂದ ಹುಡುಗರಿಗೆ ಮೊದಲು ವರ್ನಿಯರ್ ಕೊಡುತ್ತೇನೆ, ಅಳತೆ ಓದಲಿ ಅಂತ. ಅದನ್ನು ಹಿಡಿಯುವ ರೀತಿಯಲ್ಲೇ ಗೊತ್ತಾಗಿಬಿಡುತ್ತೆ, ಕೈಯಾರೆ ಕೆಲಸ ಮಾಡಿ ಬಂದವನಾ, ಬೋರ್ಡ್ ಮೇಲೆ ಚಿತ್ರ ನೋಡಿ ಬಂದವನಾ ಅಂತ. ಹುಡುಗನ ತಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಕಬ್ಬಿಣವೇ ಕೊಡದೆ ಫಿಟ್ಟರ್ ಆಗು ಅಂದರೆ ಹೇಗೆ?

ಐಟಿಐಗಳಲ್ಲಿ ಕಲಿಸುವ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ದೇಶದ ಹತ್ತಿರ ದುಡ್ಡೇ ಇಲ್ಲದ ಕಾಲ ಅದು, ಆಗಲೇ ಇದಕ್ಕೆ ಹಣ ತೆಗೆದಿಟ್ಟರು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ 6 ಬೇಕು ಅಂತ 1966ರಲ್ಲಿ ಕೊಠಾರಿ ಆಯೋಗ ಹೇಳಿತು, 2020ರ ಶಿಕ್ಷಣ ನೀತಿಯಲ್ಲೂ ಅದೇ ಶೇ 6 ಬರೆದಿದ್ದಾರೆ. ಬರೆಯೋದಕ್ಕೇನು ಖರ್ಚಿಲ್ಲ ಬಿಡಿ. ನಮ್ಮ ರಾಜ್ಯದಲ್ಲಿ 150 ಐಟಿಐಗಳನ್ನು 4,700 ಕೋಟಿಗೂ ಜಾಸ್ತಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟನೆ ಮಾಡಿದರು. ಅದು ನಿಜಕ್ಕೂ ಒಳ್ಳೆಯ ಕೆಲಸ, ನಾನು ಚಪ್ಪಾಳೆ ಹೊಡೆದವನೇ. ಆದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಒಂದು ಸಲ ಬಂದರೆ ಆಯಿತಾ? ಅದಕ್ಕೆ ಲೋಹ ಕತ್ತರಿಸುವ ಮೊನೆ (ಇನ್ಸರ್ಟ್) ಬೇಕು, ತಣಿಸುವ ಕೂಲೆಂಟ್ ಬೇಕು, ಕರೆಂಟ್ ಬಿಲ್ ಕಟ್ಟಬೇಕು, ಕಲಿಸೋಕೆ ಕಾಯಂ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಬೇಕು. ಇದು ಪ್ರತಿ ವರ್ಷದ ಖರ್ಚು. ಇದಕ್ಕೆ ರಿಬ್ಬನ್ ಕಟ್ ಮಾಡುವ ಸಮಾರಂಭ ಇರೋದಿಲ್ಲ, ಕತ್ತರಿ ಬಿದ್ದರೂ ಯಾರಿಗೂ ಕಾಣೋದಿಲ್ಲ.

ಅದಕ್ಕೇ ನಾವು ಕೆಲವು ಹಳೆ ಹುಡುಗರು ಸೇರಿ ನಮ್ಮ ಶಾಸಕರಿಗೆ ಒಂದು ಮನವಿ ಬರೆದಿದ್ದೇವೆ. ಬಜೆಟ್ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಸಾರ್, ಕಚ್ಚಾ ಸಾಮಗ್ರಿಗೆ ಇಟ್ಟ ಹಣ ಎಷ್ಟು, ಅದು ಐಟಿಐ ತಲುಪಿದ್ದು ಯಾವ ತಿಂಗಳು, ಖಾಲಿ ಹುದ್ದೆ ಎಷ್ಟು ಅಂತ. ಮಂತ್ರಿಗಳು ಸದನದಲ್ಲೇ ಉತ್ತರ ಕೊಡಬೇಕಾಗುತ್ತೆ. ಆ ಹಣ ಕಡಿಮೆ ಮಾಡಬೇಡಿ, ಜೂನ್‌ನಲ್ಲೇ ಬಿಡುಗಡೆ ಮಾಡಿಸಿ. ಇಷ್ಟೇ ಕೇಳಿರೋದು.

ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆ ಅಂತಲೇ 7 ಕ್ಷೇತ್ರ ಇವೆ, ಶಿಕ್ಷಕರಿಗೆ 7. ಬರೀ ಐಟಿಐ ಮಾಡಿದ ನನ್ನಂಥವನಿಗೆ ಆ ಎರಡರಲ್ಲೂ ಓಟಿಲ್ಲ. ನಮ್ಮ ಬ್ಯಾಚಿನಲ್ಲಿ ಆಮೇಲೆ ಡಿಗ್ರಿ ಮಾಡಿಕೊಂಡವರು ಇದ್ದೀರಲ್ವಾ, ಓಟು ಕೇಳಿ ಬರುವವರ ಹತ್ತಿರ ನಮ್ಮ ಪರವಾಗಿ ನೀವೇ ಮಾತಾಡಬೇಕು.

ಹಳೆ ವಿದ್ಯಾರ್ಥಿಗಳ ಸಭೆಯ ದಿನ ಮನವಿ ಹಿಡಿದು ವರ್ಕ್‌ಶಾಪ್ ಬಾಗಿಲಲ್ಲಿ ಇರುತ್ತೇನೆ. ಸಹಿಯ ಜೊತೆ ಟ್ರೇಡು, ಪಾಸಾದ ವರ್ಷ ಬರೆಯಿರಿ. ಪೆನ್ನು ನಾನೇ ತರುತ್ತೇನೆ, ಗ್ರಾಂಟಿಗೆ ಕಾಯೋದು ಬೇಡ.