ತುಳು ಸಿನಿಮಾ ಪಟ್ಟಿ: ಮೂರನೆಯ ತಿಂಗಳು

ಮಳೆ ಹಿಡಿದ ಮೇಲೆ ಉಡುಪಿಯಲ್ಲಿ ಸಂಜೆಯ ತಿರುಗಾಟ ನಿಂತಿದೆ. ಹಾಗಾಗಿ ಈ ತಿಂಗಳು ಓದು ಚೆನ್ನಾಗಿ ಸಾಗಿತು. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದ 1971ರಿಂದ ಈಚೆಗೆ, ಅಂತರ್ಜಾಲದಲ್ಲಿ ಸಿಗುವ ಲೇಖನ, ಹಳೆಯ ಸಂಚಿಕೆ, ಪ್ರಶಸ್ತಿ ಪುಸ್ತಿಕೆಗಳನ್ನು ಓದಿ ವರ್ಷವಾರು ಪಟ್ಟಿ ಮಾಡುವ ಕೆಲಸವಿದು.

ದೊಡ್ಡ ತೊಡಕು ಬಂದದ್ದು ವರ್ಷದ್ದೇ. ಅಭಯ ಸಿಂಹರ ‘ಪಡ್ಡಾಯಿ’ಯನ್ನು ಒಂದು ಕಡೆ 2017ರ ಚಿತ್ರವೆಂದೂ ಇನ್ನೊಂದು ಕಡೆ 2018ರದ್ದೆಂದೂ ಬರೆದಿದ್ದರು. ಒಂದು ತಪ್ಪಿರಬೇಕು ಎಂದುಕೊಂಡು 2017ನ್ನು ಅಳಿಸಿಬಿಟ್ಟೆ. ಆಮೇಲೆ ತಿಳಿಯಿತು, ಎರಡೂ ಸರಿ. ರಾಷ್ಟ್ರೀಯ ಪ್ರಶಸ್ತಿಗೆ ಲೆಕ್ಕ ಹಿಡಿಯುವುದು ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿದ ವರ್ಷವನ್ನು. ‘ಪಡ್ಡಾಯಿ’ಗೆ ಸಿಕ್ಕಿದ 65ನೆಯ ರಾಷ್ಟ್ರೀಯ ಪ್ರಶಸ್ತಿ 2017ರ ಸಾಲಿನದು, ಘೋಷಣೆಯಾದದ್ದು 2018ರಲ್ಲಿ. ಚಿತ್ರಮಂದಿರಕ್ಕೆ ಬಂದದ್ದೂ ಆ ವರ್ಷವೇ. ‘ಪಿಂಗಾರ’ ಚಿತ್ರದ್ದು ಇನ್ನೂ ದೂರ: 2019ರ ಸಾಲಿನ ಪ್ರಶಸ್ತಿ, ಕೊರೊನಾದಿಂದಾಗಿ ಘೋಷಣೆ 2021ರ ಮಾರ್ಚ್‌ಗೆ ಹೋಯಿತು. ಈಗ ಪ್ರತಿ ಚಿತ್ರದ ಮುಂದೆ ಸೆನ್ಸಾರ್, ಬಿಡುಗಡೆ, ಘೋಷಣೆ ಎಂದು ಮೂರು ಕಾಲಮು ಹಾಕಿದ್ದೇನೆ. ಅಳಿಸಿದ್ದನ್ನೆಲ್ಲ ಮತ್ತೆ ತುಂಬಲು ನಾಲ್ಕು ಸಂಜೆ ಹಿಡಿಯಿತು. ಇನ್ನು ಮುಂದೆ ಏನನ್ನೂ ಅಳಿಸುವುದಿಲ್ಲ, ಪಕ್ಕದಲ್ಲಿ ಬರೆಯುತ್ತೇನೆ.

ಸಿನಿಮಾ ಓದುತ್ತ ಓದುತ್ತ ರೇಡಿಯೊ ಕಡೆಗೂ ಹೊರಳಿದ್ದೇನೆ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅಲ್ಲಿಂದ ಬರುತ್ತಿದ್ದ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನ) ಬಗ್ಗೆ ಯಾರು ಏನು ಬರೆದಿದ್ದಾರೆಂದು ಹುಡುಕಿದೆ. ಇಲ್ಲಿ ಅಕ್ಷರವೇ ಅಡ್ಡ ನಿಂತಿತು. ‘ತಾಳಮದ್ದಳೆ’ ಎಂದು ಕೊಟ್ಟರೆ ಒಂದಷ್ಟು ಪುಟ, ‘ತಾಳಮದ್ದಲೆ’ ಎಂದರೆ ಬೇರೆಯೇ ಪುಟಗಳು. ಸ್ಕ್ಯಾನ್ ಮಾಡಿದ ಸಂಚಿಕೆಗಳಲ್ಲಿ ಯಂತ್ರ ಒತ್ತಕ್ಷರವನ್ನು ತಪ್ಪಾಗಿ ಓದಿದ್ದರೆ ಎರಡರಲ್ಲೂ ಸಿಗದು; ಪುಟ ತಿರುವಿಯೇ ನೋಡಬೇಕು. ಆದರೂ ಸಿಕ್ಕಿದ್ದು ಕಡಿಮೆ. ಸಿನಿಮಾಕ್ಕೆ ಪ್ರಮಾಣಪತ್ರ, ಪೋಸ್ಟರು, ಪ್ರಶಸ್ತಿ ಪುಸ್ತಿಕೆ ಉಳಿಯುತ್ತದೆ. ಅಂದು ರಾತ್ರಿ ಪ್ರಸಾರವಾಗಿ ಮುಗಿದ ಅರ್ಥಗಾರಿಕೆಗೆ, ಅಂದರೆ ಪಾತ್ರಧಾರಿಗಳ ಮಾತುಗಾರಿಕೆಗೆ, ಕೇಳಿದವರೇ ದಾಖಲೆ.

ಹಾಗೆ ಕೇಳಿದವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆಂಬುದು ನನಗೆ ಹೊಳೆದಿರಲಿಲ್ಲ. ಬ್ರಹ್ಮಾವರದ ಸೋದರಮಾವ ಒಂದು ಉದ್ದ ಪುಸ್ತಕ ತಂದು ಕೈಗಿತ್ತರು. “ಇದು ನಿನಗೆ ಯಾಕೆ ಮಾರಾಯ? ಅರ್ಧಕ್ಕರ್ಧ ಹಾಲಿನ ಲೆಕ್ಕ,” ಎಂದರು. ಹಾಲಿನ ಲೆಕ್ಕ ಹೌದು. ಆದರೆ ಪುಟದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ತಾರೀಕು, ಪ್ರಸಂಗದ ಹೆಸರು, ಕೇಳಿದ ಮೇಲೆ ಅನಿಸಿದ್ದು ಒಂದೆರಡು ಸಾಲು. ಒಂದು ಕಡೆ ಹೀಗಿದೆ: “ವಾಲಿವಧೆ. ವಾಲಿಯ ಮಾತು ಮುಗಿಯುವ ಮೊದಲೇ ಸೆಲ್ಲು ಮುಗಿಯಿತು.” ಅದನ್ನು ಓದಿ ನನಗೆ ಸೆಲ್ಲು ಮುಗಿದು ರೇಡಿಯೊ ನಿಂತ ಆ ಮೌನ ಕಿವಿಗೆ ಬಿದ್ದಂತಾಯಿತು. ಮೂರು ತಿಂಗಳ ಓದಿನಲ್ಲಿ ಇಷ್ಟು ಹತ್ತಿರದಿಂದ ರೇಡಿಯೊ ಕೇಳಿಸಿದ್ದು ಇದೊಂದೇ ಸಾಲಿನಲ್ಲಿ.

42 ಪುಟಗಳ ಫೋಟೊ ತೆಗೆದಾಗಿದೆ, 11 ಪುಟ ಟೈಪು ಮಾಡಿದ್ದೇನೆ. ಮಾವ ಬರೆಯುವುದು ‘ಮದ್ದಲೆ’ ಎಂದೇ; ಹಾಗೆಯೇ ಉಳಿಸಿದ್ದೇನೆ. ಇನ್ನೊಂದು ಪುಸ್ತಕ ಅಟ್ಟದ ಮೇಲಿದೆಯಂತೆ. ಮಳೆ ಸೋರುವ ಬದಿಯಲ್ಲಿಲ್ಲ ತಾನೇ ಎಂದು ಎರಡು ಸಲ ಕೇಳಿದ್ದೇನೆ. ಭಾನುವಾರ ಹೋಗಿ ಇಳಿಸಬೇಕು.