ಮೂರು ಪಾಠ ಮುಂದಿರುವ ಅಕ್ಕ

"ಅಕ್ಕಾ, ನಿನಗೆ ಜರ್ಮನ್ ಪೂರ್ತಿ ಬರುತ್ತದೆಯೇ?" ಎಂದು ಮೂರನೆಯ ತರಗತಿಯ ಪೋರನೊಬ್ಬ ಕೇಳಿದ. "ಎಲ್ಲಿಯ ಪೂರ್ತಿ? ನಿನಗಿಂತ ಮೂರು ಪಾಠ ಮುಂದೆ ಇದ್ದೇನೆ, ಅಷ್ಟೇ" ಎಂದಳು ಒಂಬತ್ತನೆಯ ತರಗತಿಯ ಹುಡುಗಿ, ಹಲಗೆ ಒರೆಸುತ್ತಲೇ. ಶನಿವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಅಣ್ಣನ ಮಗನನ್ನು ಕರೆತರಲು ಧಾರವಾಡದ ಆ ಶಾಲೆಗೆ ಹೋಗಿದ್ದೆ. ಶನಿವಾರ ಮಧ್ಯಾಹ್ನ ಅಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಜರ್ಮನ್ ಹೇಳಿಕೊಡುತ್ತಾರೆ. ಅಂಕಿಗಳ ಪಾಠ ಐದಕ್ಕೆ ಬಂದು ನಿಂತಿತ್ತು. ಫ್ಯುನ್ಫ್ ಎನ್ನಬೇಕಾದಲ್ಲಿ ಕೆಲವರು ಫನ್ಫ್, ಕೆಲವರು ಫುನ್ಫ್. "ಸೀಟಿ ಹೊಡೆಯುವಾಗ ತುಟಿ ಹೇಗಿರುತ್ತದೆಯೋ ಹಾಗೆ ಮಾಡಿ. ಈಗ ತುಟಿ ಅಲುಗಿಸದೆ 'ಈ' ಅನ್ನಿ" ಎಂದಳು. ಇಡೀ ತರಗತಿ ತುಟಿ ಚಾಚಿಕೊಂಡು ಕುಳಿತಿತು. ಒಬ್ಬನ ಬಾಯಿಂದ ನಿಜವಾಗಿಯೂ ಸೀಟಿಯೇ ಹೊರಟಿತು. ಅವಳು ಬೈಯಲಿಲ್ಲ. "ನನಗೂ ಹೋದ ವರ್ಷ ಹೀಗೇ ಆಗುತ್ತಿತ್ತು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮಾಡು" ಎಂದಳು.

ಹಿಂದೆ ಸಂಜೆ ತರಗತಿಯೊಂದರಲ್ಲಿ ನನಗೆ ಜರ್ಮನ್ ಹೇಳಿಕೊಟ್ಟ ಮಾಸ್ತರರು ದೊಡ್ಡ ವಿದ್ವಾಂಸರು. "ಕೇಳಿರಿ, ಹೇಳಿರಿ" ಎನ್ನುತ್ತಿದ್ದರೇ ಹೊರತು ತುಟಿ ಎಲ್ಲಿರಬೇಕು, ನಾಲಿಗೆ ಎಲ್ಲಿರಬೇಕು ಎಂದು ಒಮ್ಮೆಯೂ ಬಿಡಿಸಿ ಹೇಳಲಿಲ್ಲ. ತಾವೂ ಒಂದು ಕಾಲಕ್ಕೆ ಅಲ್ಲಿಯೇ ಎಡವಿದ್ದು ಅವರಿಗೆ ಮರೆತೇ ಹೋಗಿತ್ತೋ ಏನೋ. ಹುಡುಗಿಗೆ ಎಡವಿದ ಗಾಯ ಇನ್ನೂ ಹಸಿಯಾಗಿದೆ.

ಜರ್ಮನ್‌ನಲ್ಲಿ ಹುಡುಗಿ ಎಂಬುದು ನಪುಂಸಕಲಿಂಗ, ಏಕೆ ಎಂದು ಒಬ್ಬಳು ಕೇಳಿದಾಗ ಅವಳಿಗೆ ಉತ್ತರ ಹೊಳೆಯಲಿಲ್ಲ. "ಟೀಚರನ್ನು ಕೇಳಿಕೊಂಡು ಬರುತ್ತೇನೆ" ಎಂದು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡಳು. ಅಷ್ಟರಲ್ಲಿ ನಮ್ಮ ಹುಡುಗ ಎದ್ದು, "ನಮ್ಮ ಅಜ್ಜಿಯೂ 'ಹುಡುಗಿ ಬಂತು' ಅನ್ನುತ್ತಾರೆ" ಎಂದ. ಎಲ್ಲರೂ ನಕ್ಕರು, ಅವಳು ಎಲ್ಲರಿಗಿಂತ ಹೆಚ್ಚು.

ಕಿಟಕಿಯ ಬಳಿ ನನ್ನ ಪಕ್ಕದಲ್ಲಿದ್ದ ಪಾಲಕರೊಬ್ಬರಿಗೆ ನಗು ಬರಲಿಲ್ಲ. "ಇಷ್ಟು ಫೀ ಕಟ್ಟುವುದು ಹುಡುಗಿಯ ಕೈಯಲ್ಲಿ ಪಾಠ ಹೇಳಿಸಲಿಕ್ಕೇನು? ಪೂರ್ತಿ ಬರುವುದಿಲ್ಲ ಅಂತ ಅವಳೇ ಒಪ್ಪಿಕೊಂಡಳಲ್ಲ! ಅಷ್ಟಕ್ಕೂ ಧಾರವಾಡಕ್ಕೂ ಜರ್ಮನ್‌ಗೂ ಏನು ಸಂಬಂಧ?" ಪಾಲಕರ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವ ಮನುಷ್ಯ ಇವರು. ಕಿಟೆಲ್ ಹೆಸರಿನ ಕಾಲೇಜು ಇರುವ ಊರಿನಲ್ಲಿ ಕೇಳುವ ಪ್ರಶ್ನೆಯೇ ಇದು? ಆ ಜರ್ಮನ್ ಪಾದ್ರಿ 1853ರಲ್ಲಿ ಈ ಕಡೆ ಬಂದು, ಇಲ್ಲಿಯವರ ಬಾಯಿಂದಲೇ ಕನ್ನಡ ಕಲಿತು, 1894ರಲ್ಲಿ ನಮಗೇ ನಿಘಂಟು ಕೊಟ್ಟರು. ಹೇಳಬೇಕೆನಿಸಿತು. ಬಿಸಿಲು ಬಹಳವಿತ್ತು, ಬಿಟ್ಟೆ.

ಆದರೆ ಅವರ ಮೊದಲ ಪ್ರಶ್ನೆಯನ್ನು ಹಾಗೆ ತಳ್ಳಿಹಾಕಲಾಗುವುದಿಲ್ಲ. ನಮ್ಮ ಹಳೆಯ ಗಾಂವಠಿ ಶಾಲೆಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವುದು ರೂಢಿಯೇ ಆಗಿತ್ತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ವರದಿಯಲ್ಲಿ ಈ ಪದ್ಧತಿಯನ್ನು ಹೊಗಳಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಬರೆದಿದ್ದಾನೆ. ಅದಕ್ಕೂ ಮೊದಲೇ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನ ಅನಾಥಾಲಯದಲ್ಲಿ ಹೀಗೆ ಕಲಿಸಿ ನೋಡಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದ್ದ. ಅಲ್ಲಿ ಅದು ಹಬ್ಬಿದ್ದಕ್ಕೆ ದೊಡ್ಡ ಕಾರಣ ಖರ್ಚು: ನೂರಾರು ಮಕ್ಕಳಿಗೆ ಒಬ್ಬನೇ ಶಿಕ್ಷಕ ಸಾಕು. ಸಂಬಳ ಉಳಿಯಿತು, ಪಾಠ ಗಿಳಿಪಾಠವಾಯಿತು. ಈ ಶಾಲೆಯ ಲೆಕ್ಕವೂ ಅದೇ ಆಗಿದ್ದರೆ ಆ ಪಾಲಕರ ಸಿಟ್ಟಿಗೆ ನನ್ನದೂ ಒಂದು ಪಾಲು ಸೇರಲಿ.

ಆದರೂ ಆ ಹುಡುಗಿಯ ಮಾತು. ಮೂರು ಪಾಠ ಮುಂದೆ, ಅಷ್ಟೇ! ನಮ್ಮ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗ ತರಬೇತಿ ಕೊಡಲು ಬಂದವರು ತಮಗೆ ಗೊತ್ತಿಲ್ಲದ್ದನ್ನೆಲ್ಲ "ಅದು ನಿಮಗೆ ಬೇಕಾಗುವುದಿಲ್ಲ" ಎಂದು ಹಾರಿಸಿಬಿಟ್ಟಿದ್ದರು. ಭಾಷಣಕಾರರು, ಜ್ಯೋತಿಷಿಗಳು, ವಾಟ್ಸಾಪ್‌ನಲ್ಲಿ ಔಷಧ ಹೇಳುವವರು, ಯಾರಾದರೂ ತಾವು ಎಷ್ಟು ಪಾಠ ಮುಂದಿದ್ದೇವೆ ಎಂದು ಹೇಳಿದ್ದುಂಟೇ? ಅವಳು ಹಾಗೆ ಹೇಳಿದಾಗ ಆ ಪೋರನಿಗೇನೂ ನಿರಾಸೆಯಾಗಲಿಲ್ಲ. "ಹಾಗಾದರೆ ನಾನು ನಿನ್ನನ್ನು ಹಿಡಿಯುತ್ತೇನೆ" ಎಂದ. "ಹಿಡಿ ನೋಡೋಣ" ಎಂದಳು. ಈ ವಾರ ಅವಳು ನಾಲ್ಕನೆಯ ಪಾಠ ಓದಿಯೇ ಓದಿರುತ್ತಾಳೆ.

ಈ ತರಗತಿಯ ಬಗ್ಗೆ ಶಾಲೆಯವರು ಪಾಲಕರ ಅಭಿಪ್ರಾಯ ಕೇಳಿದ್ದಾರೆ. ಅಣ್ಣ ಚೀಟಿಯನ್ನು ನನ್ನ ಕಡೆ ದಾಟಿಸಿದ. ಪಾಠ ಆ ಹುಡುಗಿಯೇ ಮಾಡಲಿ, ಜರ್ಮನ್ ಟೀಚರ್ ಹಿಂದಿನ ಬೆಂಚಿನಲ್ಲಿ ಕುಳಿತಿರಲಿ, ಅವರ ಸಂಬಳ ಕಡಿತವಾಗದಿರಲಿ ಎಂದು ಬರೆದುಕೊಟ್ಟೆ. ಆ ಪಾಲಕರು ಎರಡು ಪುಟ ಬರೆದಿದ್ದಾರಂತೆ.