ಹೋರಿ ಹಿಡಿದ ಮಕ್ಕಳು: ಅಯೋವಾ ರಾಜ್ಯ ಜಾತ್ರೆಯಲ್ಲಿ

ಅಮೆರಿಕದ ನಡುನಾಡಿನ ಅಯೋವಾ ರಾಜ್ಯದಲ್ಲಿ ಆಗಸ್ಟ್ ತಿಂಗಳಿನಲ್ಲಿ ಪ್ರಯಾಣ ಮಾಡುವವರಿಗೆ ದಾರಿಯುದ್ದಕ್ಕೂ ಕಾಣುವುದು ಮುಖ್ಯವಾಗಿ ಎರಡೇ ಬೆಳೆ: ಆಳೆತ್ತರ ಮೀರಿದ ಮುಸುಕಿನ ಜೋಳ ಮತ್ತು ಅದರ ಪಕ್ಕದಲ್ಲಿ ಸೊಂಟದೆತ್ತರದ ಸೋಯಾ ಅವರೆ. ಏಮ್ಸ್ ಪಟ್ಟಣದಿಂದ ರಾಜಧಾನಿ ಡೆ ಮೊಯ್ನ್ ಕಡೆಗೆ ದಕ್ಷಿಣಕ್ಕೆ ಸಾಗುವ 35ನೇ ಅಂತರರಾಜ್ಯ ಹೆದ್ದಾರಿಯ ಎರಡು ಬದಿಗೂ ಇದೇ ನೋಟ. ಹೀಗೆ ಬೆಳೆದ ಜೋಳದಲ್ಲಿ ಮನುಷ್ಯರ ತಟ್ಟೆಗೆ ನೇರವಾಗಿ ಬರುವುದು ಅತ್ಯಲ್ಪ. ಹೆಚ್ಚಿನ ಪಾಲು ಎಥನಾಲ್ ಕಾರ್ಖಾನೆಗಳಿಗೂ ಹಂದಿ, ದನ, ಕೋಳಿಗಳ ಮೇವಿಗೂ ಹೋಗುತ್ತದೆ. ಸುಮಾರು 32 ಲಕ್ಷ ಜನರಿರುವ ಈ ರಾಜ್ಯದಲ್ಲಿ ಹಂದಿಗಳ ಸಂಖ್ಯೆ ಎರಡು ಕೋಟಿಯನ್ನು ಮೀರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಇಲ್ಲಿನ ಮಕ್ಕಳ ಬಾಲ್ಯದಲ್ಲಿ ಕೊಟ್ಟಿಗೆಗೆ ಇರುವ ಸ್ಥಾನ ಎಂಥದು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಅಯೋವಾ ರಾಜ್ಯ ಜಾತ್ರೆ ಮೊದಲು ನಡೆದದ್ದು 1854ರಲ್ಲಿ, ಫೇರ್‌ಫೀಲ್ಡ್ ಎಂಬ ಊರಿನಲ್ಲಿ. ಕೆಲವು ದಶಕ ಊರಿಂದೂರಿಗೆ ತಿರುಗಿ, 1886ರಿಂದ ಅದು ಡೆ ಮೊಯ್ನ್ ನಗರದ ಪೂರ್ವ ಭಾಗದ ಈಗಿನ ಮೈದಾನದಲ್ಲಿ ನೆಲೆನಿಂತಿದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿಯೂ 2020ರ ಕೋವಿಡ್ ಕಾಲದಲ್ಲಿಯೂ ಅದು ನಡೆಯಲಿಲ್ಲ. ಹನ್ನೊಂದು ದಿನಗಳ ಜಾತ್ರೆಗೆ ಈಚಿನ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಬಹಳಷ್ಟು ಜನ ಮೊದಲು ಓಡುವುದು 1911ರಿಂದ ನಡೆದುಬಂದಿರುವ, ಬೆಣ್ಣೆಯಿಂದಲೇ ರೂಪಿಸಿದ ಹಸುವಿನ ಪ್ರತಿಮೆಯನ್ನು ನೋಡಲು. ನಾನೂ ಅದನ್ನು ನೋಡಿದೆ. ಆದರೆ ನನ್ನನ್ನು ಅಷ್ಟು ದೂರ ಕರೆದೊಯ್ದದ್ದು ಮಕ್ಕಳು ತಾವೇ ಸಾಕಿದ ಪ್ರಾಣಿಗಳನ್ನು ಅಖಾಡಕ್ಕೆ ತರುವ ಪ್ರದರ್ಶನ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳನ್ನು ಮೆಚ್ಚಿ ನೋಡಿದ್ದ ನನಗೆ, ದನದ ಜೊತೆಗೆ ಅದನ್ನು ಹಿಡಿದ ಮಗುವನ್ನೂ ತೂಗಿ ನೋಡುವ ಪದ್ಧತಿಯೊಂದಿದೆ ಎಂಬ ಸಂಗತಿಯೇ ಬಹುಕಾಲದಿಂದ ಕುತೂಹಲ ಹುಟ್ಟಿಸಿತ್ತು.

ಈ ಮಕ್ಕಳಲ್ಲಿ ಹೆಚ್ಚಿನವರು 4-ಎಚ್ ಎಂಬ ಮಕ್ಕಳ ಕೃಷಿ ಚಳವಳಿಯ ಕ್ಲಬ್ಬುಗಳಿಗೆ ಸೇರಿದವರು. ಅದರ ಇತಿಹಾಸದಲ್ಲಿ ಅಯೋವಾಕ್ಕೆ ವಿಶೇಷ ಪಾಲಿದೆ. 1902ರಲ್ಲಿ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಕಟ್ಟಿದ ಮಕ್ಕಳ ಕೃಷಿ ಕೂಟವನ್ನು ಸಾಮಾನ್ಯವಾಗಿ ಚಳವಳಿಯ ಮೊದಲೆಂದು ಎಣಿಸುತ್ತಾರೆ. ಆದರೆ ಅದೇ ಹೊತ್ತಿಗೆ ಅಯೋವಾದ ಪೇಜ್ ಕೌಂಟಿಯಲ್ಲಿ ಜೆಸ್ಸಿ ಫೀಲ್ಡ್ ಎಂಬ ಯುವ ಶಿಕ್ಷಕಿ ಹಳ್ಳಿ ಶಾಲೆಯ ಹುಡುಗರಿಗೆ ಜೋಳದ ಕೂಟವನ್ನೂ ಹುಡುಗಿಯರಿಗೆ ಗೃಹಕೃತ್ಯದ ಕೂಟವನ್ನೂ ನಡೆಸುತ್ತಿದ್ದಳು. ಎಲೆಗೊಂದು ಎಚ್ ಅಕ್ಷರವಿರುವ, ಕ್ಲೋವರ್ ಎಂಬ ಮೇವಿನ ಗಿಡದ ಎಲೆಗಳ ಗುರುತಿಗೆ ಆಕೆಯ ಹೆಸರೂ ಸೇರಿಕೊಂಡಿದೆ. ಇಂದು ಅದರ ನಾಲ್ಕು ಎಲೆಗಳು ಇಂಗ್ಲಿಷಿನಲ್ಲಿ ಎಚ್ ಅಕ್ಷರದಿಂದ ಶುರುವಾಗುವ ತಲೆ, ಹೃದಯ, ಕೈ, ಆರೋಗ್ಯಗಳನ್ನು ಸೂಚಿಸುತ್ತವೆ. 1914ರ ಸ್ಮಿತ್–ಲಿವರ್ ಕಾಯಿದೆ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಗೆ ಸರ್ಕಾರದ ಹಣ ಒದಗಿಸಿದ ಮೇಲೆ ಈ ಕ್ಲಬ್ಬುಗಳಿಗೆ ಗಟ್ಟಿ ನೆಲೆ ಸಿಕ್ಕಿತು. ಪ್ರೌಢಶಾಲೆಯಲ್ಲಿ ಕೃಷಿ ಓದುವವರಿಗೆ 1928ರಲ್ಲಿ ಹುಟ್ಟಿದ ಎಫ್‌ಎಫ್‌ಎ ಎಂಬ ಬೇರೆ ಸಂಘವಿದೆ. ಅದರ ನೀಲಿ ಕಾರ್ಡುರಾಯ್ ಜಾಕೆಟ್ಟನ್ನು ಆ ಸೆಕೆಯಲ್ಲಿಯೂ ಕೊರಳವರೆಗೆ ಜಿಪ್ ಎಳೆದು ತೊಟ್ಟ ಹುಡುಗರನ್ನು ನಾನು ಕಂಡೆ.

ಜಾತ್ರೆಯ ನಿಜವಾದ ಕೆಲಸ ನಡೆಯುವುದು ಬೆಳಗಿನ ಜಾವದಲ್ಲಿ, ತಿಂಡಿಯಂಗಡಿಗಳು ಬಾಗಿಲು ತೆರೆಯುವ ಮುನ್ನ. ದನಗಳ ಕೊಟ್ಟಿಗೆಯ ಹೊರಗೆ ಸಾಲಾಗಿ ಮಾಡಿದ ಸಿಮೆಂಟ್ ಕಟ್ಟೆಗಳಲ್ಲಿ ಮಕ್ಕಳು ರಬ್ಬರ್ ಬೂಟು ತೊಟ್ಟು ಹೋರಿಗಳ ಮೈ ತೊಳೆಯುತ್ತಿದ್ದರು. ನೀರು ಸೋರಿದ ಮೇಲೆ ಗಾಳಿ ಊದುವ ಯಂತ್ರದಿಂದ ಕೂದಲನ್ನು ಬುಡದಿಂದ ಮೇಲಕ್ಕೆ ಎತ್ತಿ ಒಣಗಿಸುತ್ತಾರೆ. ಆ ಯಂತ್ರಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ದೇಹ ತಂಪಾಗಿದ್ದರೆ ಕೂದಲು ದಟ್ಟವಾಗಿ ಬೆಳೆಯುತ್ತದೆ ಎಂಬ ಕಾರಣಕ್ಕೆ ಬೇಸಿಗೆಯುದ್ದಕ್ಕೂ ಈ ಹೋರಿಗಳನ್ನು ಹಗಲು ಫ್ಯಾನಿನ ಕೆಳಗೆ ನೆರಳಿನಲ್ಲಿ ಕಟ್ಟಿ, ರಾತ್ರಿ ಹೊರಗೆ ಬಿಡುತ್ತಾರೆ. ಕಾಲಿನ ಕೂದಲನ್ನು ಅಂಟು ಹಾಕಿ ನಿಲ್ಲಿಸಿ, ಕತ್ತರಿಸಿ, ಮೂಳೆ ಗಟ್ಟಿಯಾಗಿ ಕಾಣುವಂತೆ ಮಾಡುವ ಸಿಂಗಾರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ದಿನವೂ ಮೈ ಉಜ್ಜಿಸಿಕೊಂಡ ಪ್ರಾಣಿ ಮನುಷ್ಯರ ಕೈಗೆ ಎಷ್ಟು ಒಗ್ಗಿಹೋಗಿರುತ್ತದೆ ಎಂಬುದನ್ನು ಅಲ್ಲಿ ನಿಂತು ನೋಡಿದವರು ಮರೆಯಲಾರರು.

ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಕಪ್ಪು ಆಂಗಸ್ ತಳಿಯ ಹೋರಿಯ ಬಾಲ ಬಾಚುತ್ತಾ ಅದರ ಕಥೆ ಹೇಳಿದಳು. ಹಿಂದಿನ ಶರತ್ಕಾಲದಲ್ಲಿ ತಾಯಿಯ ಹಾಲು ಬಿಡಿಸಿದ ಕೂಡಲೇ ಆ ಬೀಜ ಒಡೆಸಿದ ಕರುವನ್ನು ಅವಳು ಕೊಂಡಿದ್ದಳು. ಮೊದಲ ವಾರಗಳಲ್ಲಿ ಅದಕ್ಕೆ ಮುಖದ ಹಗ್ಗ ತೊಡಿಸಿ ಗಟ್ಟಿ ಕಂಬಕ್ಕೆ ಕಟ್ಟಿ, ಎಳೆದರೆ ಹಗ್ಗ ಬಿಗಿಯುತ್ತದೆ, ಮುಂದೆ ಬಂದರೆ ಸಡಿಲವಾಗುತ್ತದೆ ಎಂಬ ಪಾಠವನ್ನು ಅದೇ ಕಲಿಯಲು ಬಿಟ್ಟರು. ಆಮೇಲೆ ನೀರಿನ ತೊಟ್ಟಿಯವರೆಗೆ ಮಾತ್ರ ನಡೆಸಿದರು. ನೀರು ಕುಡಿಯಲು ಹೋಗುವ ಕರು ತಾನಾಗಿಯೇ ಹೆಜ್ಜೆ ಹಾಕುತ್ತದೆ, ಹಿಂತಿರುಗುವಾಗ ಮಾತ್ರ ಜಗ್ಗಾಟ ಎಂದು ಅವಳು ಹೇಳಿದಳು. ಈಗ ಆ ಹೋರಿ 1,300 ಪೌಂಡಿಗೂ ಮಿಗಿಲು, ಅಂದರೆ ಆರುನೂರು ಕಿಲೋದ ಹತ್ತಿರ ತೂಗುತ್ತದೆ. ಹುಡುಗಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಬಲದಿಂದ ಅದನ್ನು ನಡೆಸಲು ಯಾರಿಂದಲೂ ಆಗದು. ಅದು ಅವಳ ಹಿಂದೆ ಬರುವುದು ಬರಲು ಒಪ್ಪಿಕೊಂಡಿರುವುದರಿಂದ ಮಾತ್ರ.

ಮಧ್ಯಾಹ್ನಕ್ಕೆ ಮೊದಲು ಅವಳ ವರ್ಗ ಅಖಾಡಕ್ಕೆ ಬಂತು. ನಾನು ಕಾದು ಕುಳಿತದ್ದು ಪ್ರಾಣಿಯ ಮಾಂಸಲತೆಯನ್ನು ಅಳೆಯುವ ಸ್ಪರ್ಧೆಗಲ್ಲ, ಅದನ್ನು ಹಿಡಿದವರ ಕೌಶಲವನ್ನೇ ಅಳೆಯುವ ಷೋಮನ್‌ಷಿಪ್ ಸ್ಪರ್ಧೆಗೆ. ಮರದ ಸಿಪ್ಪೆ ಹಾಸಿದ ಅಂಗಳದಲ್ಲಿ ಮಕ್ಕಳು ವೃತ್ತಾಕಾರವಾಗಿ ಬಂದು, ತೀರ್ಪುಗಾರರ ಸನ್ನೆಗೆ ಸಾಲಾಗಿ ನಿಂತರು. ಹುಡುಗಿಯ ಎಡಗೈಗೆ ಹಗ್ಗ, ಬಲಗೈಗೆ ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಉದ್ದನೆಯ ಕೋಲು. ಹೋರಿಯ ಹಿಂಗಾಲೊಂದು ಮುಂದಕ್ಕೆ ಬಂದು ನಿಂತಿತ್ತು. ಅವಳು ಕೋಲಿನ ತುದಿಯನ್ನು ಗೊರಸಿನ ಸೀಳಿಗೆ ಒತ್ತಿದಳು, ಹೋರಿ ಕಾಲನ್ನು ಒಂದು ಗೇಣು ಹಿಂದಕ್ಕೆ ಇಟ್ಟಿತು. ಇನ್ನೊಂದು ಕಾಲು ಮುಂದೆ ಬರಬೇಕಾದಾಗ ಅದೇ ಕೊಕ್ಕೆಯನ್ನು ಗೊರಸಿನ ಹಿಂಭಾಗಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದಳು. ನಾಲ್ಕೂ ಕಾಲು ಹೊಂದಿದ ಕೂಡಲೇ ಕೋಲಿನಿಂದ ಹೊಟ್ಟೆಯ ಕೆಳಗೆ ನಿಧಾನವಾಗಿ ಕೆರೆಯತೊಡಗಿದಳು. ಹೋರಿಯ ಕಿವಿ ಜೋತುಬಿದ್ದವು, ಬೆನ್ನು ಸಮನಾಯಿತು. ಇಷ್ಟು ಹೊತ್ತೂ ಅವಳ ಕಣ್ಣು ತೀರ್ಪುಗಾರರ ಮೇಲಿನಿಂದ ಕದಲಲಿಲ್ಲ. ಅವರು ಹತ್ತಿರ ಬಂದು ಮೇವಿನ ಮಿಶ್ರಣದ ಬಗೆಗೂ ದಿನವೊಂದಕ್ಕೆ ಹೋರಿ ಏರಿದ ತೂಕದ ಬಗೆಗೂ ಕೇಳಿದರು. ಅವಳು ತಡವರಿಸದೆ ಉತ್ತರಿಸಿದಳು. ತೀರ್ಪು ಹೇಳುವಾಗ ಅವರು ಮೈಕ್ ಹಿಡಿದು, ಪ್ರತಿಯೊಬ್ಬರನ್ನೂ ಅದೇ ಸ್ಥಾನಕ್ಕೆ ಏಕೆ ಹಾಕಿದೆ ಎಂಬುದಕ್ಕೆ ಎಲ್ಲರೆದುರು ಕಾರಣ ಕೊಟ್ಟರು. ಕಾರಣ ಹೇಳಲೇಬೇಕೆಂಬ ಈ ಕಟ್ಟುಪಾಡು ಸ್ಪರ್ಧೆಗೆ ತಂದುಕೊಡುವ ಗೌರವವನ್ನು ನಾನು ಬೇರೆಡೆ ಅಷ್ಟಾಗಿ ಕಂಡಿಲ್ಲ.

ಹಂದಿಗಳ ಅಖಾಡದಲ್ಲಿ ಹಗ್ಗವೇ ಇಲ್ಲ. ಭುಜದ ಸುತ್ತ ಬಿಳಿ ಪಟ್ಟಿಯ ಹ್ಯಾಂಪ್‌ಷೈರ್, ಕೆಂಪು ಡ್ಯೂರಾಕ್, ಬಿಳಿಯ ಯಾರ್ಕ್‌ಷೈರ್ ಹಂದಿಗಳನ್ನು ಮಕ್ಕಳು ತೆಳ್ಳನೆಯ ಕೋಲಿನಿಂದ ಕತ್ತಿನ ಬದಿಗೆ ತಟ್ಟುತ್ತಾ, ತಾವು ಬಾಗಿಕೊಂಡು ನಡೆಸುತ್ತಾರೆ. ಕುರಿಗಳನ್ನು ಗದ್ದಕ್ಕೆ ಕೈಕೊಟ್ಟು, ಮೊಣಕಾಲಿನಿಂದ ಎದೆಗೆ ಒತ್ತಿ ನಿಲ್ಲಿಸುತ್ತಾರೆ.

ಕುದುರೆಗಳದು ಬೇರೆಯೇ ಲೋಕ. ಜೀನು ಹಾಕಿ ಸವಾರಿ ಮಾಡುವ ಸ್ಪರ್ಧೆಗಳೂ ಪೀಪಾಯಿಗಳನ್ನು ಸುತ್ತುವ ಓಟವೂ ಜನರನ್ನು ಹೆಚ್ಚು ಸೆಳೆಯುತ್ತವೆ; ನಾನು ಮಾತ್ರ ನೆಲದ ಮೇಲೆ ನಿಂತು ಕುದುರೆಯನ್ನು ತೋರಿಸುವ ಸ್ಪರ್ಧೆಯನ್ನೇ ಹೆಚ್ಚು ಹೊತ್ತು ನೋಡಿದೆ. ಕುದುರೆಯ ಮೈಯನ್ನು ಬೆನ್ನೆಲುಬಿನ ಉದ್ದಕ್ಕೆ ಒಂದು, ಭುಜದ ಹಿಂದೆ ಅಡ್ಡಲಾಗಿ ಒಂದು ಗೆರೆ ಎಳೆದು ನಾಲ್ಕು ಭಾಗವೆಂದು ಕಲ್ಪಿಸಿಕೊಳ್ಳುತ್ತಾರೆ. ತೀರ್ಪುಗಾರರು ಮುಂಭಾಗದಲ್ಲಿದ್ದರೆ ಕುದುರೆ ಹಿಡಿದ ಮಗು ಎದುರು ಬದಿಗೆ ಸರಿಯಬೇಕು; ಅವರು ಹಿಂಭಾಗಕ್ಕೆ ಹೋದರೆ ಮಗು ಅವರಿರುವ ಬದಿಗೇ ಬರಬೇಕು. ನೋಡುವವರಿಗೆ ನೃತ್ಯದ ಹೆಜ್ಜೆಯಂತೆ ಕಾಣುವ ಈ ಕ್ರಮದ ಹಿಂದೆ ಸುರಕ್ಷತೆಯ ಲೆಕ್ಕವಿದೆ: ಕುದುರೆ ಬೆದರಿದರೆ ಮಗು ಅದರ ತಲೆಯನ್ನು ತನ್ನ ಕಡೆಗೆ ಎಳೆಯುತ್ತದೆ, ಆಗ ಹಿಂಗಾಲುಗಳು ತೀರ್ಪುಗಾರರಿಂದ ದೂರಕ್ಕೆ ತಿರುಗುತ್ತವೆ. ಹದಿನಾಲ್ಕರ ಹುಡುಗನೊಬ್ಬ ತನ್ನ ಕಂದು ಕ್ವಾರ್ಟರ್ ತಳಿಯ ಕುದುರೆಯ ಮುಂದೆ ಹೀಗೆ ಬದಿ ಬದಲಿಸುವಾಗ ಹಗ್ಗ ಒಮ್ಮೆಯೂ ಬಿಗಿಯಲಿಲ್ಲ. ಮಾರಾಟಕ್ಕೆ ಬೆಳೆಸುವ ಹೋರಿ ಒಂದು ವರ್ಷದ ಜೊತೆಗಾರ. ಕುದುರೆಯಾದರೋ ಮಗುವಿನ ಶಾಲಾ ದಿನಗಳನ್ನೆಲ್ಲ ಕಳೆದು ಆಮೇಲೆಯೂ ಉಳಿಯುತ್ತದೆ. ಲಾಯದಲ್ಲಿ ಮಾತಿಗೆ ಸಿಕ್ಕವರಲ್ಲಿ ಈ ವ್ಯತ್ಯಾಸ ನಡೆನುಡಿಯಲ್ಲಿಯೇ ತೋರುತ್ತಿತ್ತು.

ಸ್ವಂತ ಪ್ರಾಣಿಯಿಲ್ಲದ ಮಕ್ಕಳಿಗೂ ಒಂದು ದಾರಿಯಿದೆ: ಪ್ರಾಣಿಗಳನ್ನು ಅಳೆದು ಹೇಳುವ ಸ್ಪರ್ಧೆ. ನಾಲ್ಕು ಹೋರಿಗಳನ್ನೋ ಹಂದಿಗಳನ್ನೋ ಎದುರಿಗೆ ನಿಲ್ಲಿಸಿ, ಉತ್ತಮದಿಂದ ಕನಿಷ್ಠದವರೆಗೆ ಕ್ರಮಗೊಳಿಸಲು ಹೇಳುತ್ತಾರೆ. ಸಾಧ್ಯವಿರುವ ಕ್ರಮಗಳು 24. ಪೂರ್ಣ ಅಂಕ 50. ಆಮೇಲೆ ಸ್ಪರ್ಧಿ ಚೀಟಿ ನೋಡದೆ, ತೀರ್ಪುಗಾರರ ಎದುರು ನಿಂತು, ಎರಡು ನಿಮಿಷದೊಳಗೆ ತನ್ನ ಕ್ರಮವನ್ನು ಸಮರ್ಥಿಸಬೇಕು. ಕ್ರಮ ತಪ್ಪಿದರೂ ಕಾರಣಗಳನ್ನು ಸ್ಪಷ್ಟವಾಗಿ ಹೇಳಿದವರಿಗೆ ಒಳ್ಳೆಯ ಅಂಕ ಸಿಗಬಹುದು. ಹಿಂದಿನ ತೊಡೆಯ ಅಗಲ, ನಡೆಯ ಸಲೀಸು, ಪಕ್ಕೆಯ ಆಳ ಎಂದು ಹದಿಹರೆಯದವರು ನಿರರ್ಗಳವಾಗಿ ಹೇಳುವುದನ್ನು ಕೇಳುವಾಗ, ಕಣ್ಣಿಗೂ ನಾಲಿಗೆಗೂ ಒಟ್ಟಿಗೆ ಇಂಥ ತರಬೇತಿ ಕೊಡುವ ವ್ಯವಸ್ಥೆ ನಮ್ಮ ಶಾಲೆಗಳಲ್ಲಿಯೂ ಇರಬೇಕಿತ್ತು ಎನಿಸಿತು.

ಎಲ್ಲವೂ ಮೆಚ್ಚುವಂತಿದೆ ಎಂದು ನಾನು ಹೇಳಲಾರೆ. ಗೆಲ್ಲುವ ವಂಶದ ಕರುಗಳ ಬೆಲೆ ಸಾವಿರಾರು ಡಾಲರ್ ಮುಟ್ಟುತ್ತದೆ. ಹಣವಿರುವ ಮನೆಯ ಮಗು ಅಖಾಡಕ್ಕೆ ಬರುವ ಮೊದಲೇ ಅರ್ಧ ದಾರಿ ಕ್ರಮಿಸಿರುತ್ತದೆ. ಪ್ರಾಣಿಯನ್ನು ನಿಗದಿತ ದಿನಾಂಕದೊಳಗೆ ಮಗುವಿನ ಹೆಸರಿನಲ್ಲಿ ಗುರುತಿಸಿ ದಾಖಲಿಸಬೇಕು ಎಂಬ ನಿಯಮ, ಸಾಕಣೆಯ ನೀತಿ ಮತ್ತು ಔಷಧಗಳ ಬಳಕೆ ಕುರಿತ ಕಡ್ಡಾಯ ತರಬೇತಿ, ಔಷಧ ಕೊಟ್ಟ ಪ್ರಾಣಿಯನ್ನು ಮಾಂಸಕ್ಕೆ ಕಳುಹಿಸುವ ಮುನ್ನ ಕಾಯಬೇಕಾದ ಅವಧಿಯ ಲೆಕ್ಕ, ಇವೆಲ್ಲ ಅನ್ಯಾಯವನ್ನು ತಕ್ಕಮಟ್ಟಿಗೆ ತಡೆಯುತ್ತವೆ. ತೂಕ ಏರಿದ ವೇಗಕ್ಕೆ ಬಹುಮಾನ ಕೊಡುವ ವಿಭಾಗವಿರುವುದು ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅಲ್ಲಿ ತಕ್ಕಡಿಯ ಮಾತೇ ಕೊನೆಯ ಮಾತು. ಪ್ರತಿ ಮಗುವೂ ಕರುವಿನ ಬೆಲೆ, ಮೇವಿನ ಖರ್ಚು, ಲಸಿಕೆ, ತೂಕ, ಲಾಭನಷ್ಟಗಳ ದಾಖಲೆಯನ್ನು ಇಡಬೇಕಾಗುತ್ತದೆ. ಆ ಹುಡುಗಿಯ ಪುಸ್ತಕವನ್ನು ತಿರುವಿ ನೋಡಿದೆ. ಜೋಳದ ಬೆಲೆ ಏರಿದ ತಿಂಗಳ ಪಕ್ಕದಲ್ಲಿ ಅವಳು ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಳು.

ಈ ಹೋರಿಗಳೂ ಹಂದಿಗಳೂ ಕೊನೆಗೆ ಹೋಗುವುದು ಕಸಾಯಿಖಾನೆಗೆ. ದನವನ್ನು ಪೂಜಿಸುವ ಮನೆಯಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು, ಈಗಲೂ ಪೂರ್ತಿ ಒಪ್ಪಿದ್ದೇನೆ ಎನ್ನಲಾರೆ. ಆದರೆ ಆ ಮಕ್ಕಳಿಂದ ಯಾರೂ ಏನನ್ನೂ ಮುಚ್ಚಿಟ್ಟಿಲ್ಲ ಎಂಬುದನ್ನು ನಾನು ಗೌರವಿಸುತ್ತೇನೆ. ಕರು ಕೊಂಡ ದಿನವೇ ಅದರ ಕೊನೆ ಯಾವಾಗ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದೂ ಚಳಿಗಾಲದ ಹಿಮದಲ್ಲಿ ಶಾಲೆಗೆ ಮುನ್ನ ಎದ್ದು ತೊಟ್ಟಿಯ ಮಂಜುಗಡ್ಡೆ ಒಡೆದು ನೀರು ಕುಡಿಸುತ್ತಾರೆ. ಕೊಟ್ಟಿಗೆಯ ಮೂಲೆಯಲ್ಲಿ ಹೋರಿಯ ಕುತ್ತಿಗೆಗೆ ಮುಖವಿಟ್ಟು ಅಳುತ್ತಿದ್ದ ಹುಡುಗನನ್ನು ನಾನು ಕಂಡೆ. ಅವನ ತಂದೆ ಸಮಾಧಾನ ಹೇಳಲು ಹೋಗದೆ ಸ್ವಲ್ಪ ದೂರದಲ್ಲಿ ಬಕೆಟ್ಟುಗಳನ್ನು ಜೋಡಿಸುತ್ತಾ ನಿಂತಿದ್ದರು. ಮಾಂಸವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಷ್ಟೇ ಕಂಡು ಬೆಳೆಯುವವರಿಗಿಂತ ಈ ಹುಡುಗ ಆ ಪ್ರಾಣಿಗೆ ಹೆಚ್ಚು ಪ್ರಾಮಾಣಿಕವಾಗಿ ನಡೆದುಕೊಂಡಿದ್ದಾನೆ ಎಂದು ನನ್ನ ಅಭಿಪ್ರಾಯ.

ಜಾತ್ರೆಯ ಕೊನೆಯ ಶನಿವಾರ, ರಾಜ್ಯಮಟ್ಟದಲ್ಲಿ ಗೆದ್ದ ಮಕ್ಕಳ ಪ್ರಾಣಿಗಳ ಹರಾಜು ನಡೆಯುತ್ತದೆ. ಅಲ್ಲಿ ಕೂಗುವ ಬೆಲೆ ಮಾರುಕಟ್ಟೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಬಂದ ಹಣದಲ್ಲಿ ಒಂದು ಪಾಲು ವಿದ್ಯಾರ್ಥಿವೇತನಗಳಿಗೆ ಹೋಗುತ್ತದೆ. ಆ ಹರಾಜಿನವರೆಗೆ ಬರುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರು ಜುಲೈ ತಿಂಗಳಿನ ಕೌಂಟಿ ಜಾತ್ರೆಗಳಲ್ಲಿ ಊರಿನ ವರ್ತಕರು ಪ್ರೋತ್ಸಾಹಕ್ಕಾಗಿ ಕೊಡುವ ಹೆಚ್ಚಿನ ಹಣವನ್ನೂ ಮಾರುಕಟ್ಟೆಯ ಬೆಲೆಯನ್ನೂ ಸೇರಿಸಿ, ಕಾಲೇಜಿನ ಖಾತೆಗೆ ಹಾಕಿ, ಮತ್ತೆ ಶರತ್ಕಾಲದಲ್ಲಿ ಕರು ಹುಡುಕಲು ಹೊರಡುತ್ತಾರೆ. ಮುಂದಿನ ಸಲ ಹೋರಿಯ ಬದಲು ಕಡಸನ್ನು ಕೊಳ್ಳುತ್ತೇನೆ, ಅದಾದರೆ ಹೊಲದಲ್ಲಿಯೇ ಉಳಿಯುತ್ತದೆ, ಅದು ಹಾಕುವ ಕರುವನ್ನು ಆಮೇಲೆ ಅಖಾಡಕ್ಕೆ ತರಬಹುದು ಎಂದು ಆ ಹುಡುಗಿ ಲೆಕ್ಕ ಹಾಕಿಟ್ಟಿದ್ದಳು. ಅವಳ ತಮ್ಮನಿಗೆ ಇನ್ನೂ ದೊಡ್ಡ ಹೋರಿ ಹಿಡಿಯುವ ವಯಸ್ಸಾಗಿಲ್ಲ. ಅವನು ಕೌಂಟಿ ಜಾತ್ರೆಯಲ್ಲಿ ಚಿಕ್ಕ ಮಕ್ಕಳಿಗೆಂದು ಇರುವ ಬಾಟಲಿ ಹಾಲಿನ ಕರುವಿನ ವಿಭಾಗಕ್ಕೆ ಬರುವ ವಸಂತದಲ್ಲಿ ಸೇರುವವನಿದ್ದು, ಕರುವಿಗೆ ದಿನಕ್ಕೆ ಎಷ್ಟು ಸಲ ಹಾಲು ಕುಡಿಸಬೇಕು ಎಂದು ಅಕ್ಕನನ್ನು ಆಗಲೇ ವಿಚಾರಿಸುತ್ತಿದ್ದ.